ಉತ್ತರ ಹೇಳಿಕೊಡುವ ಉಪಕಾರ

ಸಂಜೆ ದೀಪ ಹಚ್ಚಿದ ಮೇಲೆ ನಮ್ಮ ವಿದ್ಯಾವಂತರ ಮನೆಗಳಲ್ಲಿ ನಡೆಯುವ ಒಂದು ಉಪಕಾರದ ವಿಷಯವಾಗಿ ಕೆಲವು ಮಾತುಗಳನ್ನು ವಾಚಕರಲ್ಲಿ ಅರಿಕೆಮಾಡಬೇಕಾಗಿದೆ. ಮಗು ಕನ್ನಡ ಪುಸ್ತಕವನ್ನು ತಂದು ಹಿರಿಯರ ಮುಂದೆ ಕುಳಿತುಕೊಳ್ಳುವುದು. ಗದ್ಯಭಾಗವನ್ನು ಓದಿ ಕೆಳಗಿನ ಪ್ರಶ್ನೆಗಳಿಗೆ ಉತ್ತರ ಬರೆಯಿರಿ ಎಂದು ಅದರಲ್ಲಿದೆ. ಅದರ ಕೆಳಗೆ, ಪದಗಳನ್ನು ಬಿಡಿಸಿ ಸಂಧಿಯನ್ನು ಹೆಸರಿಸಿರಿ ಎಂದಿದೆ. ತಂದೆಗೆ ದಿನದ ದುಡಿಮೆಯ ಆಯಾಸ, ತಾಯಿಗೆ ಒಲೆಯ ಮೇಲಿನ ಅನ್ನದ ಚಿಂತೆ, ಅಣ್ಣನಿಗೆ ತನ್ನ ಪಾಠದ ಗಡಿಬಿಡಿ. ಯಾರೋ ಒಬ್ಬರು ಪುಟದ ಮೇಲೆ ಕಣ್ಣಾಡಿಸಿ, ಬೆರಳಿಟ್ಟು, "ಇಗೋ, ಇಲ್ಲಿಂದ ಇಲ್ಲಿಯವರೆಗೆ ಬರೆದುಕೋ, ಇದು ಲೋಪಸಂಧಿ, ಅದು ಆಗಮಸಂಧಿ" ಎಂದುಬಿಡುವರು. ಐದು ನಿಮಿಷದಲ್ಲಿ ಪುಟ ತುಂಬುವುದು. ಮರುದಿನ ಶಾಲೆಯಲ್ಲಿ ಕೆಂಪು ಮಸಿಯ ಸರಿಗುರುತು ಬೀಳುವುದು. ಮಗುವಿಗೆ ಸಂತೋಷ, ಮನೆಯವರಿಗೆ ಸಂತೋಷ, ಉಪಾಧ್ಯಾಯರಿಗೂ ಸಂತೋಷ. ಇಷ್ಟು ಜನರ ಸಂತೋಷಕ್ಕೆ ಕಾರಣವಾದ ಕಾರ್ಯವನ್ನು ಅಪಕಾರವೆಂದು ಕರೆಯುವುದಕ್ಕೆ ಧೈರ್ಯ ಬೇಕು. ಆದರೂ ಕರೆಯದೆ ವಿಧಿಯಿಲ್ಲ. ಹಸಿದವನ ಊಟವನ್ನು ನಾವೇ ಉಂಡು ಎಲೆಯನ್ನು ಅವನ ಕೈಗೆ ಕೊಟ್ಟಂತೆ, ಮಗು ಮಾಡಬೇಕಾದ ಆಲೋಚನೆಯನ್ನು ನಾವು ಮಾಡಿ, ಅದರ ಫಲದ ಅಕ್ಷರಗಳನ್ನು ಮಾತ್ರ ಅದಕ್ಕೆ ಕೊಡುತ್ತಿದ್ದೇವೆ.

ಇದು ಮನೆಯವರ ತಪ್ಪು ಮಾತ್ರವಲ್ಲ. ಅಂಗಡಿಯಲ್ಲಿ ಮಾರುವ ಗೈಡುಗಳು, ಬೆಳಗಿನ ಮತ್ತು ಸಂಜೆಯ ಟ್ಯೂಷನ್ನುಗಳು, ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆದು ನಕಲು ಮಾಡಿಸುವ ಪ್ರಶ್ನೋತ್ತರಗಳು, ಪರೀಕ್ಷೆ ಸಮೀಪಿಸಿದಾಗ 'ಪಾಸಿಂಗ್ ಪ್ಯಾಕೇಜ್' ಎಂಬ ಹೆಸರಿನಲ್ಲಿ ಹಂಚಲ್ಪಡುವ ಕಿರುಹೊತ್ತಗೆಗಳು, ಇವೆಲ್ಲವೂ ಒಂದೇ ಧರ್ಮಕ್ಕೆ ಸೇರಿದವು. ಆ ಧರ್ಮದ ಮೂಲಸೂತ್ರ ಇಷ್ಟೆ: ಪ್ರಶ್ನೆ ಇರುವುದು ಉತ್ತರಕ್ಕಾಗಿ, ಉತ್ತರ ದೊರೆತಮೇಲೆ ಪ್ರಶ್ನೆಯ ಕೆಲಸ ಮುಗಿಯಿತು. ಈ ಸೂತ್ರವೇ ತಪ್ಪು. ಉಪಾಧ್ಯಾಯರಿಗೆ ಉತ್ತರ ಮೊದಲೇ ಗೊತ್ತಿರುವುದಷ್ಟೆ? ಗೊತ್ತಿರುವುದನ್ನು ತಿಳಿದುಕೊಳ್ಳುವುದಕ್ಕಾಗಿ ಅವರು ಪ್ರಶ್ನೆ ಕೇಳುವುದಿಲ್ಲ. ಉತ್ತರವನ್ನು ಹುಡುಕುವ ದಾರಿಯಲ್ಲಿ ಮಗುವಿನ ಬುದ್ಧಿ ನಡೆಯಲಿ ಎಂದು ಕೇಳುವರು. ನಡೆಯಬೇಕಾದವನನ್ನು ಹೆಗಲ ಮೇಲೆ ಹೊತ್ತು ಊರು ಮುಟ್ಟಿಸಿದರೆ ಊರೇನೋ ಸಿಕ್ಕುವುದು, ಕಾಲಿಗೆ ಬಲ ಬರುವುದಿಲ್ಲ.

ಗದ್ಯಭಾಗದ ಪ್ರಶ್ನೆಯು ಈಗ ಹೇಗೆ ನಡೆಯುತ್ತಿದೆ ಎಂಬುದನ್ನು ಒಂದು ಸಣ್ಣ ಪ್ರಯೋಗದಿಂದ ತೋರಿಸಬಹುದು. "ಗಿಬ್ಬನು ಮೊರಟೆಯಲ್ಲಿ ಚಿಮಣವನ್ನು ಲೊಬ್ಬಿದನು" ಎಂದು ಒಂದು ವಾಕ್ಯವನ್ನು ಬರೆದು ಏಳನೆಯ ತರಗತಿಯ ಯಾವ ಮಗುವಿನ ಮುಂದಾದರೂ ಇಡಿರಿ. ಗಿಬ್ಬನು ಚಿಮಣವನ್ನು ಎಲ್ಲಿ ಲೊಬ್ಬಿದನು ಎಂದು ಕೇಳಿರಿ. ಮೊರಟೆಯಲ್ಲಿ ಎಂದು ಉತ್ತರ ಬರುವುದು. ಏನನ್ನು ಲೊಬ್ಬಿದನು? ಚಿಮಣವನ್ನು. ಎರಡಕ್ಕೆ ಎರಡು ಅಂಕ! ಗಿಬ್ಬನೆಂದರೆ ಯಾರು, ಚಿಮಣವೆಂದರೆ ಏನು, ಲೊಬ್ಬುವುದು ಪುಣ್ಯವೋ ಪಾಪವೋ ಮಗುವಿಗೂ ತಿಳಿಯದು, ವಾಕ್ಯವನ್ನು ಹೆಣೆದ ನಮಗೂ ತಿಳಿಯದು. ಹೀಗೆ ಅರ್ಥದ ನೆರಳೂ ಇಲ್ಲದೆ ಪೂರ್ಣಾಂಕ ಗಳಿಸಬಹುದಾದ ಪ್ರಶ್ನೆಗಳನ್ನೇ ನಾವು ಗ್ರಹಣಶಕ್ತಿಯ ಪರೀಕ್ಷೆಯೆಂದು ಕರೆಯುತ್ತಿದ್ದೇವೆ. ಪ್ರಶ್ನೆಯ ಪದವನ್ನು ಗದ್ಯದ ಪದದೊಡನೆ ಹೊಂದಿಸಿ, ಅದರ ಅಕ್ಕಪಕ್ಕದ ಮಾತುಗಳನ್ನು ಎತ್ತಿ ಬರೆಯುವ ಕೌಶಲವನ್ನು ಮಕ್ಕಳು ಬೇಗನೆ ಕಲಿಯುವರು. ಅದಕ್ಕೆ ಹಿರಿಯರ ಬೆರಳೂ ನೆರವಾಗುವುದು.

ಆದರೆ ಇದೇ ಹುಸಿವಾಕ್ಯದಲ್ಲಿ ಇನ್ನೊಂದು ಪಾಠವೂ ಅಡಗಿದೆ. ಒಂದು ಪದದ ಅರ್ಥವೂ ಗೊತ್ತಿಲ್ಲದೆ ಮಗು ಸರಿಯಾದ ಉತ್ತರವನ್ನು ಹೇಗೆ ಕೊಟ್ಟಿತು? 'ಅಲ್ಲಿ' ಎಂಬ ಪ್ರತ್ಯಯ ಸ್ಥಳವನ್ನು ತೋರಿಸಿತು. 'ಅನ್ನು' ಎಂಬುದು ಕರ್ಮವನ್ನು ತೋರಿಸಿತು. ಕೊನೆಯ 'ಇದನು' ಎಂಬುದು ಕ್ರಿಯೆ ನಡೆದುಹೋಯಿತೆಂದೂ ಮಾಡಿದವನು ಗಂಡಸೆಂದೂ ಹೇಳಿತು. ಎಂದಮೇಲೆ, ವಿಭಕ್ತಿಯೆಂಬ ಹೆಸರಿಗೆ ಹೆದರಿ ನಡುಗುವ ಮಗುವಿನ ಕಿವಿಯಲ್ಲಿಯೇ ವಿಭಕ್ತಿಯು ಆಗಲೇ ನೆಲೆಸಿದೆ. ವ್ಯಾಕರಣವನ್ನು ನಾವು ಮಗುವಿಗೆ ಹೊರಗಿನಿಂದ ತುಂಬಬೇಕಾಗಿಲ್ಲ. ಅದರಲ್ಲಿಯೇ ಇರುವುದನ್ನು ಅದಕ್ಕೆ ತೋರಿಸಿಕೊಟ್ಟರೆ ಸಾಕು.

ಈಗ ಸಂಧಿಯ ಪ್ರಶ್ನೆಯನ್ನು ನೋಡೋಣ. 'ಊರಲ್ಲಿ' ಲೋಪಸಂಧಿ, 'ಗುರುವನ್ನು' ಆಗಮಸಂಧಿ, 'ಮಳೆಗಾಲ' ಆದೇಶಸಂಧಿ ಎಂದು ಪಟ್ಟಿಯನ್ನು ಉರುಹೊಡೆದ ವಿದ್ಯಾರ್ಥಿಗಳು ಎಲ್ಲೆಡೆಯೂ ಇರುವರು. ಅವರಲ್ಲೊಬ್ಬನನ್ನು ಹೀಗೆ ಕೇಳಿ: "ಊರು ಎಂಬುದೂ ಉಕಾರದಲ್ಲಿ ಮುಗಿಯುತ್ತದೆ, ಗುರು ಎಂಬುದೂ ಉಕಾರದಲ್ಲಿ ಮುಗಿಯುತ್ತದೆ. ಒಂದರಲ್ಲಿ ಉಕಾರ ಹೋಯಿತು. ಇನ್ನೊಂದರಲ್ಲಿ ಅದು ಉಳಿದು, ನಡುವೆ ವಕಾರ ಬಂದಿತು. ಏಕಪ್ಪ?" ಹುಡುಗ ಮೌನವಾಗುವನು, ಪಟ್ಟಿಯಲ್ಲಿ ಈ ಪ್ರಶ್ನೆ ಇಲ್ಲ. ಆದರೆ ಉತ್ತರವು ಸೂತ್ರದಲ್ಲಿಯೇ ಇದೆ. ಅರ್ಥವು ಕೆಡದಂತಿದ್ದರೆ ಮಾತ್ರ ಹಿಂದಿನ ಸ್ವರವು ಲೋಪವಾಗುವುದೆಂದು ನಮ್ಮ ಶಾಲಾವ್ಯಾಕರಣಗಳು ಸ್ಪಷ್ಟವಾಗಿ ಹೇಳುತ್ತವೆ. 'ಊರಲ್ಲಿ' ಎಂದರೆ ಊರು ಕೆಡುವುದಿಲ್ಲ. 'ಗುರನ್ನು' ಎಂದರೆ ಗುರು ಕೆಟ್ಟುಹೋಗುವನು. ಹುಡುಗನಿಗೆ 'ಗುರನ್ನು ನೋಡಿದೆ' ಎಂದು ಒಮ್ಮೆ ಬಾಯಿಬಿಟ್ಟು ಹೇಳುವಂತೆ ಮಾಡಿರಿ; ಅವನೇ ನಕ್ಕು, ಹಾಗನ್ನುವುದಿಲ್ಲ ಎನ್ನುವನು. ಆ ನಗೆಯೇ ವ್ಯಾಕರಣಜ್ಞಾನ. ಗೈಡುಗಳು ಸಂಧಿಯ ಹೆಸರನ್ನು ಕೊಟ್ಟು, ಸೂತ್ರದ ಪ್ರಾಣವಾದ 'ಅರ್ಥ ಕೆಡದಂತಿದ್ದರೆ' ಎಂಬ ಮಾತನ್ನು ನುಂಗಿಬಿಡುತ್ತವೆ. ಗ್ರಹಣದ ಪ್ರಶ್ನೆಯೂ ವ್ಯಾಕರಣದ ಪ್ರಶ್ನೆಯೂ ಎರಡಲ್ಲ. ಎರಡೂ ಅರ್ಥದ ಪ್ರಶ್ನೆಗಳೇ ಎಂಬುದು ಈ ಲೇಖನದ ಪ್ರತಿಜ್ಞೆ. ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ಬರೆದ ಕೇಶಿರಾಜನೂ ಕವಿಗಳ ಪ್ರಯೋಗಗಳನ್ನು ಮುಂದಿಟ್ಟುಕೊಂಡೇ ಲಕ್ಷಣವನ್ನು ಹೇಳಿದನು. ಪ್ರಯೋಗ ಮೊದಲು, ಸೂತ್ರ ಆಮೇಲೆ. ನಾವಾದರೋ ಪ್ರಯೋಗವನ್ನು ತೊರೆದು, ಸೂತ್ರವನ್ನೂ ಮರೆತು, ಹೆಸರುಗಳ ಪಟ್ಟಿಯನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ಈ ಮಾತಿಗೆ ದೃಷ್ಟಾಂತವನ್ನು ದೂರದಿಂದ ತರಬೇಕಾಗಿಲ್ಲ. ನಮ್ಮ ಮುಳಬಾಗಿಲು ತಾಲ್ಲೂಕಿನ ಆವನಿಗೆ ಹೋದರೆ ಸಾಕು. ಅಲ್ಲಿ ನೊಳಂಬರ ಕಾಲದಷ್ಟು ಹಳೆಯದಾದ ಗುಡಿಗಳ ಸಮೂಹದಲ್ಲಿ ರಾಮೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಎಂದು ಅಣ್ಣತಮ್ಮಂದಿರ ಹೆಸರಿನ ಈಶ್ವರರು ಒಂದೇ ಅಂಗಳದಲ್ಲಿ ನೆಲಸಿರುವರು. ಅಕಾರದ ಮುಂದೆ ಈಕಾರ ಬಂದು ಏಕಾರವಾಗುವ ಗುಣಸಂಧಿಗೆ ನಾಲ್ಕು ಉದಾಹರಣೆಗಳು ಕಲ್ಲಿನಲ್ಲಿ ನಿಂತಿವೆ! ಜಾತ್ರೆಗೆಂದು ವರ್ಷವರ್ಷವೂ ಆ ಅಂಗಳವನ್ನು ತುಳಿಯುವ ಮಗು, ಮನೆಗೆ ಬಂದು, ಗುಣಸಂಧಿಗೆ ಗೈಡಿನಲ್ಲಿ ಕೊಟ್ಟ 'ಸುರೇಶ'ನನ್ನು ಗಟ್ಟಿಮಾಡುತ್ತದೆ.

ಅಷ್ಟೇ ಅಲ್ಲ. ರಾಮೇಶ್ವರ ಎಂಬ ಸಮಾಸವನ್ನು ಬಿಡಿಸುವ ಬಗೆಯಲ್ಲಿ ದೇವತೆಗಳಿಗೇ ವಾದ ಬಿದ್ದಿತೆಂದು ಪಂಡಿತರಲ್ಲಿ ಒಂದು ಚಮತ್ಕಾರದ ಮಾತುಂಟು. ರಾಮನು, ರಾಮನಿಗೆ ಯಾವನು ಈಶ್ವರನೋ ಅವನೇ ರಾಮೇಶ್ವರ, ಇದು ತತ್ಪುರುಷ, ಎಂದನಂತೆ. ಶಿವನು ಒಪ್ಪದೆ, ರಾಮನು ಯಾವನಿಗೆ ಈಶ್ವರನೋ ಅವನು ರಾಮೇಶ್ವರ, ಇದು ಬಹುವ್ರೀಹಿ, ಎಂದನಂತೆ. ಉಳಿದವರು, ರಾಮನೇ ಈಶ್ವರ, ಇದು ಕರ್ಮಧಾರಯ, ಎಂದರಂತೆ. ಪದ ಒಂದೇ, ಅಕ್ಷರಗಳು ಅವೇ. ವಿಗ್ರಹವಾಕ್ಯ ಬದಲಾದರೆ ಭಕ್ತನು ದೇವರಾಗುವನು, ದೇವರು ಭಕ್ತನಾಗುವನು. ಸಮಾಸದ ಹೆಸರೆಂಬುದು ಪದದ ಹಣೆಗೆ ಅಂಟಿಸಿದ ಚೀಟಿಯಲ್ಲ. ಓದುವವನು ಯಾವ ಅರ್ಥವನ್ನು ಹಿಡಿದನು ಎಂಬುದರ ನಿರ್ಣಯ. ಇದನ್ನು ಹತ್ತು ನಿಮಿಷದ ಕಥೆಯಾಗಿ ಕೇಳಿದ ಮಗು ಬಹುವ್ರೀಹಿಯನ್ನು ಜನ್ಮದಲ್ಲಿ ಮರೆಯದು. ಅದನ್ನು ಬಿಟ್ಟು, "ಮುಕ್ಕಣ್ಣ ಬಹುವ್ರೀಹಿ, ಹೆದ್ದಾರಿ ಕರ್ಮಧಾರಯ, ಬರೆದುಕೋ" ಎಂದು ನಾವು ಐದು ನಿಮಿಷ ಉಳಿಸಿಕೊಳ್ಳುತ್ತೇವೆ.

ಇನ್ನು ನಮ್ಮ ಪಕ್ಷಕ್ಕೆ ಬರುವ ಆಕ್ಷೇಪಣೆಗಳನ್ನು ವಿಚಾರಿಸೋಣ.

ಮೊದಲನೆಯ ಆಕ್ಷೇಪಣೆ ನಮ್ಮ ಸೀಮೆಗೇ ಸೇರಿದ್ದು. ಆಂಧ್ರದ ಗಡಿಯಾದ ಮುಳಬಾಗಿಲು, ಶ್ರೀನಿವಾಸಪುರಗಳ ಹಳ್ಳಿಗಳಲ್ಲಿ ಮನೆಮಾತು ಬಹುಮಟ್ಟಿಗೆ ತೆಲುಗು. ಕನ್ನಡವು ಶಾಲೆಯ ಬಾಗಿಲಲ್ಲಿ ಎದುರಾಗುವ ಭಾಷೆ. ಅಂಥ ಮಕ್ಕಳಿಗೆ ಕಿವಿಯ ಸಾಕ್ಷ್ಯವೆಲ್ಲಿ, ಉತ್ತರವನ್ನು ಹೇಳಿಕೊಡದೆ ಗತಿಯೇನು ಎನ್ನುವರು. ಕೇಳಲು ಕರುಣೆಯ ಮಾತು; ವಿಚಾರಿಸಿದರೆ ಪೊಳ್ಳು. ತೆಲುಗು ಕನ್ನಡಗಳು ಒಂದೇ ಕುಲದ ಭಾಷೆಗಳು. 'ಇಂಟ್ಲೋ, ಇಂಟಿಕಿ, ಇಂಟಿನುಂಚಿ' ಎನ್ನುವ ಮಗುವಿಗೆ 'ಮನೆಯಲ್ಲಿ, ಮನೆಗೆ, ಮನೆಯಿಂದ' ಎಂಬುವು ಹೊಸ ಬಟ್ಟೆ ತೊಟ್ಟ ಹಳೆಯ ನೆಂಟರು. ತಾಯಿಯನ್ನು ದಿನಕ್ಕೆ ಇಪ್ಪತ್ತು ಸಲ 'ಮಾಯಮ್ಮ' ಎನ್ನುವ ಮಗುವಿನ ನಾಲಗೆಯ ಮೇಲೆ ಯಕಾರಾಗಮವು ಆಗಲೇ ಕುಣಿಯುತ್ತಿದೆ. 'ಮಾ' ಮತ್ತು 'ಅಮ್ಮ' ಸೇರುವಾಗ ನಡುವೆ ಬಂದ ಯಕಾರವನ್ನು ತೋರಿಸಿ, 'ಮನೆಯಲ್ಲಿ'ಯ ಯಕಾರವನ್ನು ಪಕ್ಕದಲ್ಲಿಟ್ಟರೆ ಪಾಠ ಮುಗಿಯಿತು.

ತಪ್ಪುಗಳಿಗೂ ಅಲ್ಲಿಯೇ ಕಾರಣ ಸಿಕ್ಕುವುದು. "ಅಕ್ಕ ಊರಿಂದ ಬಂತು" ಎಂದು ಬರೆದ ಮಗುವಿನ ಪುಟದ ಮೇಲೆ ಕೆಂಪು ಗೆರೆ ಎಳೆಯುವವರು ಬಹುಮಂದಿ, ಕಾರಣ ಹೇಳುವವರು ವಿರಳ. ತೆಲುಗಿನಲ್ಲಿ ಏಕವಚನದಲ್ಲಿ ಹೆಂಗಸಿಗೂ ವಸ್ತುವಿಗೂ ಕ್ರಿಯಾಪದ ಒಂದೇ: ಅಕ್ಕನೂ 'ವಚ್ಚಿಂದಿ', ಬಸ್ಸೂ 'ವಚ್ಚಿಂದಿ'. ಮಗುವು ಅಕ್ಕನಿಗೆ ಅಗೌರವ ತೋರಲಿಲ್ಲ; ತನ್ನ ವ್ಯಾಕರಣಕ್ಕೆ ನಿಷ್ಠವಾಗಿ ನಡೆದುಕೊಂಡಿತು. "ನಿಮ್ಮ ಮಾತಿನಲ್ಲಿ ಹೀಗೆ, ಕನ್ನಡದಲ್ಲಿ ಹೆಂಗಸಿಗೆ ಬೇರೆ ರೂಪವುಂಟು, ಬಂದಳು" ಎಂದು ಒಂದು ಸಲ ಬಿಡಿಸಿ ಹೇಳಿದರೆ ನೂರು ಕೆಂಪು ಗೆರೆಗಳ ಕೆಲಸವಾಗುವುದು. ಮನೆಮಾತು ಬೇರೆಯಾದ ಮಾತ್ರಕ್ಕೆ ಕನ್ನಡ ಬಾರದೆಂಬುದನ್ನು ಈ ಜಿಲ್ಲೆಯವರಂತೂ ಹೇಳಬಾರದು. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು. ಕನ್ನಡ ಸಣ್ಣಕಥೆಗೆ ಹಾದಿ ಹಾಕಿದವರು ಅವರು, 1983ರ ಜ್ಞಾನಪೀಠ ಪ್ರಶಸ್ತಿ ಕನ್ನಡಕ್ಕೆ ಬಂದುದು ಅವರಿಂದ.

ಎರಡನೆಯ ಆಕ್ಷೇಪಣೆ ಪರೀಕ್ಷೆಯದು. ಎಸ್.ಎಸ್.ಎಲ್.ಸಿ.ಯಲ್ಲಿ ಪ್ರಥಮಭಾಷೆಗೆ 125 ಅಂಕಗಳು. ಅಷ್ಟು ಅಂಕದ ವಿಷಯದಲ್ಲಿ ಕಥೆ ಹೇಳುತ್ತ ಕುಳಿತರೆ ಪಾಠ ಮುಗಿಸುವುದು ಯಾವಾಗ, ಫಲಿತಾಂಶಕ್ಕೆ ಉತ್ತರ ಹೇಳುವವರಾರು ಎಂದು ಉಪಾಧ್ಯಾಯರು ಕೇಳುವರು. ಅವರ ಕಷ್ಟ ನಿಜವಾದದ್ದು. ಶೇಕಡಾವಾರು ಲೆಕ್ಕವನ್ನು ಹಿಡಿದು ಮೇಲಿನವರು ಅವರನ್ನು ನಿಲ್ಲಿಸಿ ಕೇಳುವಾಗ ಲವಕುಶರ ಕಥೆ ಯಾರನ್ನೂ ಕಾಪಾಡದು. ಆದರೆ ಈ ವ್ಯಾಪಾರವು ವ್ಯಾಪಾರವಾಗಿಯಾದರೂ ಲಾಭಕರವೇ ಎಂದು ನೋಡಬೇಕು. ರಾಜ್ಯದ ಎಸ್.ಎಸ್.ಎಲ್.ಸಿ. ಫಲಿತಾಂಶವು 2023ರಲ್ಲಿ ಶೇಕಡ 83.89 ಇದ್ದಿತು. 2024ರಲ್ಲಿ ಪರೀಕ್ಷಾ ಕೊಠಡಿಗಳ ಮೇಲೆ ವೆಬ್‌ಕಾಸ್ಟಿಂಗಿನ ಕಣ್ಣಿಟ್ಟ ಮೇಲೆ ಅದು ಶೇಕಡ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ಕಾರಣಗಳು ಹಲವಿರಬಹುದು. ಆದರೂ ಒಂದು ಮಾತು ನಿರ್ವಿವಾದ: ಎರವಲು ಉತ್ತರವು ಎರವಲು ಕೊಡುವವನು ಪಕ್ಕದಲ್ಲಿರುವವರೆಗೆ ಮಾತ್ರ ನಮ್ಮದು. ಪರೀಕ್ಷೆಯ ಗದ್ಯಭಾಗವಾದರೋ ಮಗು ಹಿಂದೆಂದೂ ಕಾಣದ ಗದ್ಯ. ಅದಕ್ಕೆ ಉತ್ತರವನ್ನು ಯಾವ ಗೈಡೂ ಮುಂಚಿತವಾಗಿ ಅಚ್ಚುಹಾಕಲಾರದು.

ಇಲ್ಲಿ ಇನ್ನೊಂದು ವಿಷಯವನ್ನೂ ಸೇರಿಸಬೇಕು. 2005ರಿಂದ ಅಸರ್ ಎಂಬ ಸಮೀಕ್ಷೆಯವರು ದೇಶದ ಹಳ್ಳಿಹಳ್ಳಿಗಳಲ್ಲಿ ಮನೆಗೆ ಹೋಗಿ ಮಕ್ಕಳ ಕೈಗೆ ಎರಡನೆಯ ತರಗತಿಯ ಮಟ್ಟದ ಪಾಠವೊಂದನ್ನು ಕೊಟ್ಟು ಓದಿಸಿ ನೋಡುತ್ತಿರುವರು. ಐದನೆಯ ತರಗತಿಯ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದನ್ನು ಓದಲಾಗುವುದಿಲ್ಲವೆಂದು ಅವರ ವರದಿಗಳು ಮತ್ತೆ ಮತ್ತೆ ಹೇಳಿವೆ. ಅದೂ ಅಕ್ಷರ ಕೂಡಿಸಿ ಬಾಯಿಬಿಟ್ಟು ಓದುವ ಮಾತು. ಅರ್ಥದ ಮಾತು ಅದರ ಆಚೆಗಿದೆ. 2021ರಲ್ಲಿ ಆರಂಭವಾದ ನಿಪುಣ ಭಾರತ ಯೋಜನೆಯು ಅರ್ಥವರಿತು ಓದುವುದನ್ನು ತನ್ನ ಹೆಸರಿನಲ್ಲಿಯೇ ಇಟ್ಟುಕೊಂಡಿದೆ. ಹೆಸರಿನಲ್ಲಿರುವುದು ಮನೆಯ ದೀಪದ ಬೆಳಕಿಗೂ ಬಂದರೆ ಒಳಿತು.

ಮೂರನೆಯ ಆಕ್ಷೇಪಣೆ ನವೀನರದು. ವ್ಯಾಕರಣವೇ ಬೇಡ, ಆಡುವ ಭಾಷೆಗೆ ಸೂತ್ರವೇಕೆ, ಈಗಿನ ಶಾಲಾವ್ಯಾಕರಣವಂತೂ ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನು ಎರಕಹೊಯ್ದದ್ದು ಎಂದು ಅವರು ಹೇಳುವರು. ಕಡೆಯ ಮಾತಿನಲ್ಲಿ ಸತ್ಯವುಂಟು, ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಅದೇ ಹೆಸರಿನ ಗ್ರಂಥದಲ್ಲಿ ವಾದಿಸಿರುವುದು ವಿದಿತವೇ ಇದೆ. ಆದರೆ ಅವರು ಬೇಡವೆಂದದ್ದು ಹೊಂದದ ಅಂಗಿಯನ್ನು. ನವೀನರು ಅಂಗಿಯನ್ನೇ ಬೇಡವೆನ್ನುವರು. ವಾಕ್ಯದಲ್ಲಿ 'ಅವನು' ಎಂದರೆ ಯಾರು, 'ಆದರೂ' ಎಂಬುದು ಯಾವ ಎರಡು ಮಾತುಗಳನ್ನು ಎದುರುಬದುರು ನಿಲ್ಲಿಸಿತು ಎಂದು ಗುರುತಿಸಲಾರದವನು ಕರಾರುಪತ್ರವನ್ನೂ ಸರಿಯಾಗಿ ಓದಲಾರನು, ವರ್ತಮಾನಪತ್ರಿಕೆಯನ್ನೂ ಓದಲಾರನು. ನಮ್ಮ ಜಿಲ್ಲೆಯಲ್ಲಿ ಪಹಣಿಯ ಒಂದು ಸಾಲನ್ನು, ಸಾಲಪತ್ರದ ಒಂದು ಷರತ್ತನ್ನು ಬೇರೆಯವರು ಓದಿ ಹೇಳಿದಂತೆ ನಂಬಿ ಭೂಮಿ ಕಳೆದುಕೊಂಡ ಸಂಸಾರಗಳನ್ನು ಬಲ್ಲವರೆಲ್ಲ ಬಲ್ಲರು. ಅವರಲ್ಲಿ ಅಕ್ಷರ ಬಲ್ಲವರೂ ಇದ್ದರು. ಅವರಿಗಿಲ್ಲದ್ದು ಅಕ್ಷರವಲ್ಲ, ವಾಕ್ಯವನ್ನು ತಾವೇ ಬಿಡಿಸಿ ನೋಡುವ ಅಭ್ಯಾಸ.

ಈಚೆಗೆ ಇವೆಲ್ಲಕ್ಕೂ ಮಿಗಿಲಾದ ಉಪಕಾರಿಯೊಂದು ಮನೆಮನೆಯನ್ನೂ ಹೊಕ್ಕಿದೆ. ಪ್ರಶ್ನೆಯ ಚಿತ್ರವನ್ನು ಫೋನಿನಲ್ಲಿ ತೆಗೆದರೆ ಕ್ಷಣದಲ್ಲಿ ಉತ್ತರವು ಶುದ್ಧವಾದ ವಾಕ್ಯಗಳಲ್ಲಿ ಇಳಿದುಬರುವುದು. ಯಂತ್ರವನ್ನು ಬಯ್ಯುವುದು ವ್ಯರ್ಥ. ಅದು ಅಪ್ಪನಂತೆ ದಣಿಯದು, ಅಣ್ಣನಂತೆ ಸಿಡುಕದು. ಹೀಗೆ ಕೇಳಿದರೆ ಉತ್ತರವನ್ನು ಕೊಡುವುದು, ಹಾಗೆ ಕೇಳಿದರೆ ಉತ್ತರವನ್ನು ಬಚ್ಚಿಟ್ಟು ಮರುಪ್ರಶ್ನೆ ಹಾಕುವುದು. ಕೇಳುವ ಬಗೆಯನ್ನು ಮಗುವಿಗೆ ಕಲಿಸಬೇಕಾದವರು ನಾವು. ಉತ್ತರ ಹೇಳುವುದೇ ಸಹಾಯವೆಂದು ನಾವೇ ಹತ್ತು ವರ್ಷ ನಡೆದು ತೋರಿಸಿದ ಮೇಲೆ, ಮಗು ಫೋನಿನಿಂದ ಬೇರೆ ಏನನ್ನು ತಾನೆ ಕೇಳೀತು?

ಹಾಗಾದರೆ ಸರಿಯಾದ ಸಹಾಯ ಯಾವುದು? ಅದಕ್ಕೆ ಪಾಂಡಿತ್ಯ ಬೇಡ, ಸ್ವಲ್ಪ ತಾಳ್ಮೆ ಸಾಕು. ಒಂದು ಗದ್ಯಭಾಗವನ್ನೇ ತೆಗೆದುಕೊಳ್ಳೋಣ: "ಹತ್ತನೆಯ ಶತಮಾನದಲ್ಲಿ ತ್ರಿಭುವನಕರ್ತಾರನೆಂಬ ತಪಸ್ವಿಯು ಆವನಿಯ ಸ್ಥಾನವನ್ನು ನಲವತ್ತು ವರ್ಷ ಆಳಿದನು. ಆ ಕಾಲದಲ್ಲಿ ಅವನು ಐವತ್ತು ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನೆಂದು ಶಾಸನವು ಹೇಳುತ್ತದೆ." ಎಷ್ಟು ದೇವಾಲಯ ಕಟ್ಟಿಸಿದನು ಎಂದು ಕೇಳಿದರೆ ಅದು ಗಿಬ್ಬನ ಪ್ರಶ್ನೆ; ಒಮ್ಮೆ ಕೇಳಿ ಮುಂದೆ ಹೋಗಬಹುದು. 'ಅವನು' ಎಂದರೆ ಯಾರು, 'ಆ ಕಾಲ' ಎಂದರೆ ಯಾವ ಕಾಲ ಎಂದು ಕೇಳಿರಿ. ಸರ್ವನಾಮದ ಪಾಠವೂ ಗ್ರಹಣದ ಪಾಠವೂ ಒಟ್ಟಿಗೆ ಆಗುವುದು. 'ಹೇಳುತ್ತದೆ' ಎಂದು ಏಕಿದೆ, ಹೇಳುವುದು ಯಾರು ಎಂದು ಕೇಳಿರಿ. ಬರೆದವನ ಮಾತು ಯಾವುದು, ಶಾಸನದ ಮಾತು ಯಾವುದು ಎಂಬ ವಿವೇಕ ಹುಟ್ಟುವುದು. ಗುಡಿ ಕಟ್ಟಿಸುವ ತಪಸ್ವಿಗೆ ಕೆರೆಯ ಗೊಡವೆ ಏಕೆ ಬಂದಿತು ಎಂದು ಕೇಳಿರಿ. ಮಗು ಗದ್ಯದಲ್ಲಿ ಹುಡುಕಿ, ಇಲ್ಲಿಲ್ಲವೆನ್ನುವುದು. "ಪುಸ್ತಕದಲ್ಲಿಲ್ಲ, ನೀನು ಈ ಊರವನಲ್ಲವೇನೋ?" ಎನ್ನಿರಿ. ತುಂಬಿ ಹರಿಯುವ ಹೊಳೆಯಿಲ್ಲದ, ಕೆರೆಯ ನೀರನ್ನೇ ನಂಬಿದ ಈ ಸೀಮೆಯ ಮಗುವಿಗೆ ಉತ್ತರ ತಾನಾಗಿ ಹೊಳೆಯುವುದು. ಆಗ ಅದರ ಮುಖವನ್ನು ನೋಡಿರಿ. ಕೆಂಪು ಮಸಿಯ ಸರಿಗುರುತಿನಿಂದ ಆ ಬೆಳಕು ಬಾರದು.

ಇಷ್ಟಕ್ಕೆ ಬೇಕಾದ ನಿಯಮಗಳು ಮೂರೇ. ಉತ್ತರ ಬರೆಯುವ ಮೊದಲು ಗದ್ಯವನ್ನು ಮುಚ್ಚಿಸಿ, ಮಗು ತನ್ನ ಮಾತಿನಲ್ಲಿ, ಬೇಕಾದರೆ ತೆಲುಗಿನಲ್ಲಿಯೇ, ವಿಷಯವನ್ನು ಹೇಳುವಂತೆ ಮಾಡತಕ್ಕದ್ದು. ಉತ್ತರ ಸರಿಯಾಗಿದ್ದರೂ ತಪ್ಪಾಗಿದ್ದರೂ, "ಹೇಗೆ ಗೊತ್ತಾಯಿತು?" ಎಂದು ಕೇಳತಕ್ಕದ್ದು. ವ್ಯಾಕರಣದಲ್ಲಿ ಹೆಸರು ಹೇಳುವ ಮುಂಚೆ, "ಹೀಗಲ್ಲದೆ ಬೇರೆ ಬಗೆಯಲ್ಲಿ ಅಂದರೆ ಏನಾಗುವುದು?" ಎಂದು ಬಾಯಿಬಿಟ್ಟು ಅನ್ನಿಸಿ ನೋಡತಕ್ಕದ್ದು. ದಿನಕ್ಕೆ ಹತ್ತು ಪ್ರಶ್ನೆಗಳ ಬದಲು ಎರಡೇ ಆಗಲಿ. ಎಂಟು ಖಾಲಿ ಉಳಿಯಲಿ. ಖಾಲಿ ಉಳಿದ ಪುಟವು ಉಪಾಧ್ಯಾಯರಿಗೆ ನಿಜವನ್ನಾದರೂ ಹೇಳುವುದು. ತುಂಬಿಸಿಕೊಟ್ಟ ಪುಟವು ಅವರಿಗೂ ಸುಳ್ಳು ಹೇಳುವುದು.

ಆವನಿಯು ವಾಲ್ಮೀಕಿಯ ಆಶ್ರಮವಿದ್ದ ಸ್ಥಳ, ಲವಕುಶರು ಹುಟ್ಟಿ ಬೆಳೆದ ನೆಲ ಎಂದು ಸ್ಥಳದವರ ನಂಬಿಕೆ. ಆ ಇಬ್ಬರು ಮಕ್ಕಳು ಗುರುಗಳಿಂದ ರಾಮಾಯಣವನ್ನೆಲ್ಲ ಬಾಯಿಗೆ ತಂದುಕೊಂಡು, ಒಂದು ಸ್ವರವೂ ತಪ್ಪದೆ ಹಾಡಿದರೆಂದು ಕಥೆ ಹೇಳುವುದು. ಆದರೆ ಜನರಲ್ಲಿ ರೂಢವಾದ ಕಥೆಯಲ್ಲಿ, ತಾವು ಹಾಡುತ್ತಿರುವುದು ತಮ್ಮ ತಂದೆಯ ಕಥೆಯೆಂದು ಬಹುಕಾಲ ಅವರಿಗೆ ತಿಳಿದಿರಲಿಲ್ಲ. ಪಾಠ ನಾಲಗೆಯ ಮೇಲಿದ್ದಿತು. ಅದು ತಮ್ಮದೆಂಬ ಅರಿವು ಹೊಳೆದ ದಿನವೇ ಅವರಿಗೆ ತಂದೆ ದೊರೆತನು. ನಮ್ಮ ಮಕ್ಕಳೂ ಕನ್ನಡವನ್ನು ತಪ್ಪಿಲ್ಲದೆ ಒಪ್ಪಿಸುತ್ತಿರುವರು. ಅದು ತಮ್ಮದೆಂದು ಅವರಿಗೆ ಇನ್ನೂ ತಿಳಿದಿಲ್ಲ. ಇಂದಿನ ಸಂಜೆ ಮಗು ಪುಸ್ತಕವನ್ನು ತಂದು ಮುಂದೆ ಕುಳಿತಾಗ, ಗೊತ್ತಿದ್ದ ಉತ್ತರವನ್ನು ನುಂಗಿಕೊಂಡು ಸುಮ್ಮನೆ ಕಾಯುವಷ್ಟು ಉಪಕಾರವನ್ನು ಹಿರಿಯರು ಮಾಡಲಿ.